ಬಡಗಣ ಗೋಡೆಯ ಬುಡ

ಆ ಸಲಿಕೆ ಅತ್ಲಾಗಿಡು ಕಾಲಿನ್, ಕೂತ್ಕೊಂಡು ನನ್ನ ಮಾತು ಕೇಳು. ಅಲ್ಲ, ಚರ್ಚಿಗೆ ಕಕ್ಕಸು ಬೇಡ ಅಂದೆನಾ ನಾನು? ಒಂಬೈನೂರು ವರ್ಷ ತಡಕೊಂಡು ತಡಕೊಂಡು ಪ್ರಾರ್ಥನೆ ಮಾಡಿದ್ದಾರೆ ಜನ, ಪಾಪ... ಆಗಲಿ! ಆದರೆ ಚರಂಡಿಯನ್ನ ಗೋಪುರದ ಕಡೆಯಿಂದ ತೆಗಿ. ಈ ಬಡಗಣ ಗೋಡೆಯ ಬುಡ ಮುಟ್ಟಬೇಡ.

ಯಾಕಾ? ನಾರ್ಮನ್ನರ ಕಾಲದ ಗೋಡೆ ಕಣೋ ಇದು! ಗೋಪುರಕ್ಕೇನು, ಯಾವನೋ ಉಣ್ಣೆ ವ್ಯಾಪಾರಿ ಪುಣ್ಯ ಬರಲಿ ಅಂತ ಆಮೇಲೆ ಕಟ್ಟಿಸಿದ್ದು. ಅರ್ಧಕ್ಕೇ ಕೈ ಬಿಟ್ಟ. ಅದಕ್ಕೇ ಟೋಪಿ ಕಳಕೊಂಡವನ ಹಾಗೆ ನಿಂತಿದೆ. ಒಳಗೆ ಅವನ ಗೋರಿ ಮೇಲಿನ ಕಲ್ಲಿನ ಗೊಂಬೆ ನೋಡಿದ್ದೀಯಲ್ಲ? ಆಚೆಗೊಬ್ಬ ಹೆಂಡ್ತಿ, ಈಚೆಗೊಬ್ಬ ಹೆಂಡ್ತಿ, ನಡುವೆ ಕೈ ಮುಗಿದು ಮಲಗಿದ್ದಾನೆ. ಇನ್ನೇನು ಮಾಡ್ತಾನೆ! ನಗ್ತೀಯಾ? ಅರವತ್ತೊಂದು ವರ್ಷದಿಂದ ಈ ಚರ್ಚು ಗುಡಿಸಿ ಆ ಮಹಾರಾಯನ ಗಡ್ಡದ ಧೂಳು ಒರೆಸಿದೋಳು ನಾನು.

ಏನು? ಕಮಿಟಿಯೋರು ಹೇಳಿದ ಜಾಗವಾ? ಅಯ್ಯೋ! ಹೂವಿನ ಕುಂಡ ಎಲ್ಲಿಡೋದು ಅಂತ ಮೂರು ಸಭೆ ಮಾಡಿದ ಜಾಣರು ಅವರು! ನೋಡು, ನೀನು ಗೂಟ ಹೊಡೆದಿರೋದು ಎಲ್ಲಿ? ಮುಚ್ಚಿದ ಬಾಗಿಲಿಂದ ನಾಲ್ಕು ಹೆಜ್ಜೆ. ಇಲ್ಲಿ ಮೊಳಕಾಲುದ್ದ ಮಣ್ಣು, ಆಮೇಲೆ ಬರೀ ಚಕಮಕಿ ಕಲ್ಲು. ನಮ್ಮ ಎನಾಕ್‌ನ ಗುದ್ದಲಿ ಕಾವೇ ಮುರೀತು...

...ಹಾಗೆ ನೋಡಬೇಡ ಕಾಲಿನ್. ಇಲ್ಲಿ ನಿನ್ನ ಗಂಡನಿಗೆ ಏನು ಅಗೆಯೋ ಕೆಲಸ ಇತ್ತು ಅಂತಲಾದರೂ ಕೇಳು!

ನಮ್ಮ ಕೂಸು ಹುಟ್ಟಿದಾಗ ಅಳಲೇ ಇಲ್ಲ ಮಗಾ. ದೀಕ್ಷಾಸ್ನಾನ ಆಗದ್ದಕ್ಕೆ ಈ ಅಂಗಳದಲ್ಲಿ ಹೂಳೋಕೆ ಜಾಗ ಇಲ್ಲ ಅಂದರು ಪಾರ್ಜಿಟರ್ ಪಾದ್ರಿಗಳು, ಬಾಯಲ್ಲಿ ಕೇಕು ಇಟ್ಕೊಂಡು. ಆಗಲಿ ಸ್ವಾಮಿ ಅಂದ್ವಿ. ಅಂದು, ಸೂರಿನ ಮಳೆನೀರು ಸುರಿಯೋ ಜಾಗ ನೋಡಿ ಇಲ್ಲೇ ಇಟ್ವಿ. ಹಿಂದಿನೋರೂ ಹಾಗೇ ಮಾಡ್ತಿದ್ದರಂತೆ. ದೇವರ ಮನೆ ಮಾಡನ್ನ ತೊಳೆದು ಬೀಳೋ ನೀರು... ಅದಕ್ಕೂ ಪಾದ್ರಿ ಅಪ್ಪಣೆ ಬೇಕಾ?

ಗೂಟ ಯಾಕೆ ಕೀಳ್ತಿದ್ದೀಯಾ? ಕಮಿಟಿಗೆ ಏನಂತೀಯಾ?... ಆಯ್ತು ಬಿಡು, ಹೇಳಬೇಡ.

ಪಾರ್ಜಿಟರ್ ಪಾದ್ರಿಗಳು ಒಳಗೆ ಹಿತ್ತಾಳೆ ಫಲಕವಾಗಿದ್ದಾರೆ. ನಾನು ಉಜ್ಜಿ ಉಜ್ಜಿ ಅರ್ಧ ಹೆಸರು ಸವೆದುಹೋಗಿದೆ. ಎನಾಕ್ ಆ ಯೂ ಮರದಡಿ, ಅವನ ಮಗ್ಗುಲಲ್ಲೇ ನನಗೂ ಜಾಗ. ಅವಳು... ಡಾರ್ಕಸ್ ಅಂತ ಹೆಸರಿಟ್ಟಿದ್ವಿ... ಈ ಸೂರಿನಡಿ. ಊರೋರಿಗೆಲ್ಲ ಜನ್ಮಕ್ಕೆ ಒಂದೇ ಸಲ ದೀಕ್ಷಾಸ್ನಾನ. ನನ್ನ ಮಗಳಿಗೆ ವಾರಕ್ಕೆ ನಾಲ್ಕು ಸಲ.