ಕೆಂಧೂಳಿಲ್ಲದ ಗ್ರಾಫಿಕ್ಸ್ ಕಾರ್ಡ್

ಪರ್ತ್ ನಿಲ್ದಾಣದ ಬೆಂಚಿನಲ್ಲಿ ರೈಲಿಗೆ ಕಾಯುತ್ತಿದ್ದ ನೊರೀನಳ ಪಕ್ಕದಲ್ಲೇ ಕಂಪ್ಯೂಟರಿನ ಹಳೆಯ ಗ್ರಾಫಿಕ್ಸ್ ಕಾರ್ಡೊಂದರ ವ್ಯಾಪಾರ ನಡೆದಿತ್ತು. ಮಾರುವವನು ಗಡ್ಡದ ಯುವಕ. ಕೊಳ್ಳಲು ಬಂದ ಮುದುಕಿ ಅದರ ಫ್ಯಾನಿನೊಳಗೆ ಹತ್ತಿಕಡ್ಡಿ ತೂರಿಸಿ ತಿರುವುತ್ತಿದ್ದಳು.

"ಬಿಟ್‌ಕಾಯಿನ್ ಹುಟ್ಟಿಸೋ ಶೆಡ್ಡಲ್ಲಿ ಹಗಲೂ ರಾತ್ರಿ ದುಡಿಸಿದ್ದಲ್ಲ ತಾನೇ?"

"ಅಯ್ಯೋ, ಇಲ್ಲ ಮೇಡಂ. ಕಾಲ್‌ಗೂರ್ಲಿ ಊರಲ್ಲಿ, ನಮ್ಮನೇಲೇ ಮೂರು ವರ್ಷ ಇತ್ತು. ನಾನೊಬ್ನೇ ಗೇಮ್ ಆಡಿದ್ದು."

"ಬಿಚ್ಚಿ ತೊಳೆದ್ಯಾ?"

"ಮುಟ್ಟೇ ಇಲ್ಲ. ಸೀಲ್ ನೋಡಿ, ಹಾಗೇ ಇದೆ."

"ಮತ್ತೆ ಈ ಹತ್ತಿ ಇಷ್ಟು ಬೆಳ್ಳಗಿದೆಯಲ್ಲಪ್ಪಾ?"

"ಅಮ್ಮ ಮನೇನ ಚೆನ್ನಾಗಿ ಗುಡಿಸ್ತಾರೆ."

ಮುದುಕಿ ಕಾರ್ಡನ್ನು ಅವನ ಕೈಗಿಟ್ಟು ಎದ್ದುಹೋದಳು.

"ಏನ್ ಅನುಮಾನ ನೋಡಿ!" ಎಂದು ಯುವಕ ನೊರೀನಳತ್ತ ತಿರುಗಿದ.

ನೊರೀನ್ ತನ್ನ ಚೀಲವನ್ನು ಮಡಿಲಿಗೆಳೆದುಕೊಂಡಳು. ಅವಳು ಕಾಲ್‌ಗೂರ್ಲಿ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅಲ್ಲಿಂದ ತಂದ ಅವಳ ಹೊಲಿಗೆ ಯಂತ್ರದಿಂದ ಆ ಊರಿನ ಕೆಂಧೂಳು ಇನ್ನೂ ಉದುರುತ್ತಿತ್ತು.