ಹನ್ನೆರಡೂವರೆಯ ಊಟ

ಮುಖ್ಯ ಅತಿಥಿಗಳು ಇನ್ನೂ ದಾರಿಯಲ್ಲಿದ್ದಾರಂತೆ. ಬರಲಿ. ಅವರು ಬರುವಷ್ಟರಲ್ಲಿ ನಿಮಗೊಂದು ಕಥೆ ಹೇಳುತ್ತೇನೆ.

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಊರಿನ ಹೆಸರು ಬೇಡ, ಅವನ ಹೆಸರೂ ಬೇಡ. ಹೆಸರು ಹೇಳಿದೆನೋ, ನೀವೆಲ್ಲ ಪಕ್ಕದವರ ಮುಖ ನೋಡುತ್ತೀರಿ. ಹೇಳದೆ ಬಿಟ್ಟರೆ ಒಬ್ಬಿಬ್ಬರಾದರೂ ತಮ್ಮ ಮುಖ ನೆನಪು ಮಾಡಿಕೊಳ್ಳುತ್ತೀರಿ.

ಈ ಸಾಹುಕಾರ ಕೆಟ್ಟವನಲ್ಲ. ಕಥೆಯಲ್ಲಿ ಸಾಹುಕಾರ ಅಂದ ಕೂಡಲೇ ಜಿಪುಣ, ಮೋಸಗಾರ ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ. ಇವನು ಹಾಗಲ್ಲ. ಎಣ್ಣೆ ಗಾಣದಿಂದ ಶುರು ಮಾಡಿ, ಹತ್ತಿ ಗಿರಣಿ ಹಾಕಿ, ಕೊನೆಗೆ ದೊಡ್ಡ ಕಂಪನಿಯನ್ನೇ ಕಟ್ಟಿದವನು. ಕಂಪನಿಯ ಲಾಭದಲ್ಲಿ ಇಂತಿಷ್ಟು ಪಾಲನ್ನು ಸಮಾಜಕ್ಕೆ ಕೊಡಬೇಕು ಅಂತ ಸರ್ಕಾರದ ಕಾನೂನಿದೆಯಲ್ಲ, ಆ ಕಾನೂನು ಬರುವುದಕ್ಕೂ ಮೊದಲೇ ಕೊಡುತ್ತಿದ್ದ. ಆದರೆ ಕೊಡುವುದು ಬೇರೆ, ಕೊಟ್ಟು ಬಿಡುವುದು ಬೇರೆ. ನೋಡಿ, ಇಡೀ ಕಥೆ ಇರುವುದು ಈ ಎರಡರ ನಡುವೆ.

ಆ ಊರಲ್ಲಿ ಒಂದು ಮಕ್ಕಳ ಮನೆ ಇತ್ತು. ಕಬ್ಬು ಕಡಿಯಲು ಊರೂರು ಅಲೆಯುತ್ತಾರಲ್ಲ, ಅಂಥವರ ಮಕ್ಕಳು ಅಲ್ಲಿ ಉಳಿದುಕೊಂಡು ಶಾಲೆಗೆ ಹೋಗುತ್ತಿದ್ದರು. ಆ ಮನೆ ಇಲ್ಲದಿದ್ದರೆ ಅವರೂ ಅಪ್ಪ ಅಮ್ಮನ ಹಿಂದೆ ಕಬ್ಬಿನ ಗದ್ದೆಗೆ ಹೋಗಬೇಕು, ಅಷ್ಟೇ. ಅದನ್ನು ಕಟ್ಟಿ ನಡೆಸುತ್ತಿದ್ದ ಹಿರಿಯಾಕೆಯನ್ನು ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು.

ಸಾಹುಕಾರ ಪ್ರತಿ ವರ್ಷ ತನ್ನ ಹುಟ್ಟುಹಬ್ಬದ ದಿನ ಆ ಮಕ್ಕಳಿಗೆ ಸಿಹಿಯೂಟ ಹಾಕಿಸುತ್ತಿದ್ದ. ಹೋಳಿಗೆ, ತುಪ್ಪ, ಚಿತ್ರಾನ್ನ, ಹಪ್ಪಳ. ಅಡುಗೆ ಹನ್ನೆರಡಕ್ಕೇ ಆಗುತ್ತಿತ್ತು, ಎಲೆಯೂ ಹಾಕುತ್ತಿದ್ದರು. ಆದರೆ ಊಟ? ಸಾಹುಕಾರ ಬರಬೇಕು. ಅವನು ಗುಡಿಗೆ ಹೋಗಿ, ಗಿರಣಿಗೆ ಹೋಗಿ, ಹಾರ ಹಾಕಿಸಿಕೊಂಡು, ನೆಂಟರನ್ನೂ ಫೋಟೋದವನನ್ನೂ ಕರೆದುಕೊಂಡು ಬರಬೇಕು. ಎರಡಾಗುತ್ತಿತ್ತು, ಮೂರಾಗುತ್ತಿತ್ತು. ಮಕ್ಕಳು ಖಾಲಿ ಎಲೆಯ ಮುಂದೆ ಕೈಕಟ್ಟಿ ಕೂತಿರುತ್ತಿದ್ದವು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಸಾಹುಕಾರನಿಗೆ ಇದು ಗೊತ್ತೇ ಇರಲಿಲ್ಲ. ಅವನು ಬಂದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವಲ್ಲ, ಅದು ತನ್ನನ್ನು ಕಂಡ ಸಂತೋಷಕ್ಕೆ ಅಂತ ಅಂದುಕೊಂಡಿದ್ದ ಪಾಪ.

ಒಂದು ವರ್ಷ ಅವನು ಎಂದಿನ ಹಾಗೆ ಕೇಳಿದ, “ದೊಡ್ಡವ್ವ, ಈ ಸಲ ಏನ್ ಕಟ್ಟಿಸಿ ಕೊಡ್ಲಿ? ಎರಡು ಖೋಲಿ ಕಟ್ಟಿಸೀನಿ, ನಮ್ಮವ್ವನ ಹೆಸರಿಲೆ ನೀರಿನ ಟಾಕಿ ಕಟ್ಟಿಸೀನಿ. ಇನ್ನೇನ್ ಬೇಕು ಹೇಳ್ರಿ.”

ದೊಡ್ಡವ್ವ ಅಂದಳು, “ಕಟ್ಟೋದು ಸಾಕ್ರಿ ಸಾವ್ಕಾರ್ರ. ನನಗ ವಯಸ್ಸಾತು. ನನ್ನ ಹಿಂದ ಇದನ್ನ ನಡಸಾಕ ಒಬ್ಬ ಮನುಷ್ಯಾನ್ನ ತಯಾರ್ ಮಾಡಿ ಕೊಡ್ರಿ.”

ಸಾಹುಕಾರ ಪೇಚಿಗೆ ಬಿದ್ದ. ಕೋಣೆ ಕಟ್ಟಿಸಿದರೆ ಬಾಗಿಲ ಮೇಲೆ ಹೆಸರಿನ ಕಲ್ಲು ಕೂರಿಸಬಹುದು. ಮನುಷ್ಯರನ್ನು ತಯಾರು ಮಾಡಿದರೆ ಹೆಸರು ಬರೆಸುವುದೆಲ್ಲಿ? ನಗಬೇಡಿ. ನಮ್ಮ ಮಠದ ಈ ಸಭಾಂಗಣದ ಫ್ಯಾನಿನ ರೆಕ್ಕೆಗಳ ಮೇಲೂ ಹೆಸರುಗಳಿವೆ, ಒಮ್ಮೆ ಮೇಲೆ ನೋಡಿ.

ಆದರೂ ಅವನು ಒಪ್ಪಿದ. ಈಗಿನ ಕಂಪನಿಗಳು ಇಂಥದ್ದಕ್ಕೂ ಹಣ ಕೊಡುತ್ತವೆ, ಸೇವಾ ಸಂಸ್ಥೆಗಳಲ್ಲಿ ಮುಂದೆ ಬರುವವರನ್ನು ಆರಿಸಿ ನಾಯಕತ್ವದ ತರಬೇತಿ ಕೊಡಿಸುತ್ತವೆ ಅಂತ ಅವನ ಮ್ಯಾನೇಜರ್ ಹೇಳಿದ. ದೊಡ್ಡವ್ವ ಒಬ್ಬ ಹುಡುಗಿಯನ್ನು ಆರಿಸಿದಳು. ಅದೇ ಮನೆಯಲ್ಲಿ ಬೆಳೆದು, ಓದಿ, ಅಲ್ಲೇ ಕೆಲಸಕ್ಕೆ ನಿಂತವಳು. ಕಬ್ಬು ಕಡಿಯುವವರ ಮಗಳು. ಒಂದು ವರ್ಷದ ತರಬೇತಿ, ಪೂರ್ತಿ ಖರ್ಚು ಸಾಹುಕಾರನ ಕಂಪನಿಯದು. ಆಕೆಯ ಫೋಟೋ ಹಾಕಿ, ಅದಕ್ಕಿಂತ ದೊಡ್ಡದಾಗಿ ತನ್ನ ಫೋಟೋ ಹಾಕಿ, ‘ನಾಳೆಯ ನಾಯಕಿ’ ಅಂತ ಬಸ್ ಸ್ಟ್ಯಾಂಡಿನಲ್ಲಿ ಫಲಕ ಹಾಕಿಸಿದ. ಆ ಫಲಕ ನೋಡಿದಾಗಲೆಲ್ಲ ಅವನಿಗೆ ನಿಜವಾಗಿಯೂ ಹೆಮ್ಮೆಯಾಗುತ್ತಿತ್ತು. ಸ್ವಂತ ಮಗಳನ್ನು ಓದಿಸಿದ ಹಾಗೆ ಅನಿಸುತ್ತಿತ್ತು.

ತರಬೇತಿ ಮುಗಿಯಿತು. ಮನೆಯ ಜವಾಬ್ದಾರಿ ಹುಡುಗಿಯ ಕೈಗೆ ಬಂತು. ಆಮೇಲೆ ಸಾಹುಕಾರನ ಹುಟ್ಟುಹಬ್ಬವೂ ಬಂತು.

ಅವತ್ತು ಅವನು ಎರಡು ಗಂಟೆಯ ಹೊತ್ತಿಗೆ ಬಂದ. ಹಿಂದೆ ನಾಲ್ಕು ಕಾರು, ಬೀಗರು, ಕಂಪನಿಯ ದೊಡ್ಡವರು, ಫೋಟೋದವನು. ಒಳಗೆ ಕಾಲಿಟ್ಟು ನೋಡಿದರೆ ಎಲೆಯೂ ಇಲ್ಲ, ಮಕ್ಕಳೂ ಇಲ್ಲ. ನೆಲ ಒರೆಸಿ ಆಗಿತ್ತು. ಮಕ್ಕಳು ಹಿಂದಿನ ಬಯಲಲ್ಲಿ ಆಡುತ್ತಿದ್ದವು, ಅವುಗಳ ನಗು ಕೇಳಿಸುತ್ತಿತ್ತು.

ಹುಡುಗಿ ಬಂದು ಕೈಮುಗಿದಳು. “ಬರ್ರಿ ಸರ್. ಮಕ್ಕಳದು ದಿನಾ ಹನ್ನೆರಡೂವರೆಗೆ ಊಟ. ಹಸಿದಿದ್ವು, ನೀಡಿಬಿಟ್ಟೆ. ನಿಮ್ಮದು ಬಿಸಿ ಅಡಗಿ ಇಟ್ಟೀನಿ. ಕೂಡ್ರಿ, ಎಲಿ ಹಾಕ್ತೀನಿ.”

ಸಾಹುಕಾರನಿಗೆ ಕೆನ್ನೆಗೆ ಹೊಡೆದಂತಾಯಿತು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ. ಸಾಹುಕಾರ ನಕ್ಕ, ಆದರೆ ಆ ನಗು ಹಲ್ಲಿನ ಆಚೆ ಹೋಗಲಿಲ್ಲ.

“ಇದೇ ಏನವಾ ಅಲ್ಲಿ ನಿನಗ ಕಲಿಸಿದ್ದು?”

“ಕಲಿಸಿದ್ದಲ್ಲ ಸರ್,” ಅಂದಳು ಆಕೆ, “ನಾನೂ ಆ ಸಾಲಿನ್ಯಾಗ ಕುಂತಾಕಿ. ಒಂದ್ ವರ್ಷ ಹಸದು ಹಸದು ಅಲ್ಲೇ ನಿದ್ದಿ ಮಾಡಿದ್ದೆ. ನೀವು ಬಂದ್ರಿ ಅಂತ ಎಬ್ಬಿಸಿ ಚಪ್ಪಾಳಿ ಹೊಡಿಸಿದ್ರು.”

ಅಲ್ಲೇ, ಆ ಕ್ಷಣದಲ್ಲೇ, ಅವನು ಕೂತು ಒಂದು ತುತ್ತು ತಿಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನೂ ನಿಮಗೆ ಇದನ್ನು ಹೇಳಬೇಕಿರಲಿಲ್ಲ. ಆದರೆ ಅವನು ಕೂರಲಿಲ್ಲ. ಕಾರು ಹತ್ತಿದ. ದಾರಿಯುದ್ದಕ್ಕೂ ಒಂದೇ ಯೋಚನೆ. ನನ್ನ ದುಡ್ಡಲ್ಲಿ ಕಲಿತು ನನಗೇ ಎದುರು ನಿಂತಳಲ್ಲ. ಮೊದಲ ತೀರ್ಮಾನವನ್ನೇ ನನ್ನ ವಿರುದ್ಧ ಮಾಡಿದಳಲ್ಲ. ಅದು ತನ್ನ ವಿರುದ್ಧ ಮಾಡಿದ್ದಲ್ಲ, ಹಸಿದ ಮಕ್ಕಳ ಪರವಾಗಿ ಮಾಡಿದ್ದು ಅಂತ ಅವನಿಗೆ ಹೊಳೆಯಲಿಲ್ಲ. ಅವಮಾನವಾದಾಗ ಯಾರಿಗೆ ತಾನೇ ಹೊಳೆಯುತ್ತದೆ? ನಿಮಗೆ ಹೊಳೆದಿದೆಯೆ?

ಮಾರನೆಯ ದಿನ ದೊಡ್ಡವ್ವನನ್ನು ಕರೆಸಿ ಹೇಳಿದ, “ಬ್ಯಾರೆ ಯಾರನ್ನಾರ ಆರಿಸ್ರಿ. ಸ್ವಲ್ಪ ಮೆತ್ತಗಿರೋರು ಇರ್ಲಿ. ಖರ್ಚು ನಾ ನೋಡ್ಕೋತೀನಿ.”

ದೊಡ್ಡವ್ವ ಬಂದು ಹುಡುಗಿಗೆ ಅದನ್ನೇ ಹೇಳಿದಳು. ಅಷ್ಟು ಮಕ್ಕಳ ಅನ್ನ ಅವನ ಕಂಪನಿಯಿಂದ ಬರುತ್ತಿತ್ತು. ಹುಡುಗಿ ಯಾರನ್ನೂ ದೂರಲಿಲ್ಲ. ದೊಡ್ಡವ್ವನ ಕಾಲು ಮುಟ್ಟಿ, ಚೀಲ ಎತ್ತಿಕೊಂಡು ಹೊರಟುಹೋದಳು. ದೊಡ್ಡವ್ವ ಬಾಗಿಲಲ್ಲಿ ನಿಂತು ಅತ್ತಳು. ಇಷ್ಟು ವರ್ಷ ಆ ಮಕ್ಕಳನ್ನು ಕೈಕಟ್ಟಿಸಿ ಕೂರಿಸಿದವಳು ತಾನೇ ಅಲ್ಲವೇ?

ಎರಡನೆಯವಳು ಬಂದಳು. ಇವಳಿಗೂ ಅದೇ ತರಬೇತಿ ಆಯಿತು. ಸಾಹುಕಾರ ಏನೇ ಹೇಳಲಿ, “ಆಗ್ಲಿ ಸರ್.” ಮಕ್ಕಳು ಸಾಲಾಗಿ ನಿಲ್ಲಲಿ ಅಂದರೆ “ಆಗ್ಲಿ ಸರ್.” ಊಟ ತಡವಾಗಲಿ ಅಂದರೆ “ಆಗ್ಲಿ ಸರ್.” ಸಾಹುಕಾರನಿಗೆ ತುಂಬಾ ಸಮಾಧಾನ. ಬೇರೆ ಕಂಪನಿಯವರನ್ನು ಕರೆದುಕೊಂಡು ಬಂದು, ನೋಡಿ, ಎಂಥ ನಾಯಕಿಯನ್ನು ತಯಾರು ಮಾಡಿದ್ದೇವೆ ಅಂತ ತೋರಿಸುತ್ತಿದ್ದ. ಅಷ್ಟರಲ್ಲಿ ದೊಡ್ಡವ್ವ ಹಾಸಿಗೆ ಹಿಡಿದಳು. ಮನೆಯ ಭಾರವೆಲ್ಲ ಈ ‘ಆಗ್ಲಿ ಸರ್’ ಮೇಲೆ ಬಿತ್ತು.

ಒಂದು ದಿನ ಅಡುಗೆಯಾಕೆ ಬಂದು, “ಅಕ್ಕಾರ, ಟಾಕಿ ನೀರು ವಾಸ್ನಿ ಹೊಡ್ಯಾಕತ್ತೈತ್ರಿ” ಅಂದಳು. ಪಕ್ಕದ ಗಟಾರದ ನೀರು ಒಳಗೆ ಜಿನುಗುತ್ತಿತ್ತು. ಎರಡನೆಯವಳೂ ಹೋಗಿ ಮೂಸಿ ನೋಡಿದಳು, ಅವಳಿಗೂ ಗೊತ್ತಾಯಿತು. ನಲ್ಲಿ ಬಂದ್ ಮಾಡಲು ಕೈಯನ್ನೂ ಹಾಕಿದಳು. ಅಷ್ಟರಲ್ಲಿ ಟ್ಯಾಂಕಿನ ಮೇಲಿನ ಕಲ್ಲು ಕಂಡಿತು. ಸಾಹುಕಾರನ ತಾಯಿಯ ಹೆಸರು. ಆ ತಾಯಿಯ ಟ್ಯಾಂಕಿನ ನೀರು ಕೆಟ್ಟಿದೆ ಅನ್ನುವುದು ಹೇಗೆ? ಕೇಳದೆ ಬಂದ್ ಮಾಡುವುದು ಹೇಗೆ? ಫೋನ್ ಮಾಡಿದಳು. ಸಾಹುಕಾರ ಪರದೇಶದಲ್ಲಿದ್ದ. ಮುಂದಿನ ವಾರ ಬರುತ್ತಾರೆ ಅಂದರು ಕಚೇರಿಯವರು. ಆಗಲಿ, ಬಂದ ಮೇಲೆ ಕೇಳೋಣ ಅಂದುಕೊಂಡಳು.

ನೀರು ಅವನು ಬರುವವರೆಗೆ ಕಾಯುತ್ತದೆಯೆ?

ವಾಂತಿಭೇದಿ ಶುರುವಾಯಿತು, ಜ್ವರ ಏರಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮಂಚ ಸಾಲದೆ ಮಕ್ಕಳನ್ನು ನೆಲದ ಮೇಲೆ ಮಲಗಿಸಿದರು. ದೇವರ ದಯೆ, ಯಾವ ಮಗುವೂ ಸಾಯಲಿಲ್ಲ. ಆದರೆ ಸುದ್ದಿ ಕಬ್ಬಿನ ಗದ್ದೆಗಳಿಗೆ ಮುಟ್ಟಿತು. ಅಪ್ಪ ಅಮ್ಮಂದಿರು ಸಿಕ್ಕ ಸಿಕ್ಕ ಗಾಡಿ ಹತ್ತಿ ಬಂದರು. “ಉಳದ್ರೂ ಹೋದ್ರೂ ನಮ್ಮ ಕಣ್ಣ ಮುಂದ ಇರ್ಲಿ” ಅಂತ ತಮ್ಮ ತಮ್ಮ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಹೋದರು. ಪಾಟಿಚೀಲಗಳು ಗೋಡೆಯ ಗೂಟಗಳಲ್ಲಿ ಹಾಗೇ ಉಳಿದವು. ದೊಡ್ಡವ್ವ ಆ ಚಳಿಗಾಲದಲ್ಲೇ ತೀರಿಕೊಂಡಳು. ಮಕ್ಕಳ ಮನೆಗೆ ಬೀಗ ಬಿತ್ತು.

ಸಾಹುಕಾರ ಪರದೇಶದಿಂದ ಬಂದ ದಿನವೇ ಎರಡನೆಯವಳ ಮೇಲೆ ಹರಿಹಾಯ್ದಿದ್ದ. “ಒಂದು ನಳ ಬಂದ್ ಮಾಡಾಕ ನನ್ನ ಕೇಳ್ಬೇಕೇನ?”

ಅವಳು ಅಳುತ್ತಲೇ ಅಂದಳು, “ಕೇಳ್ದ ಊಟಕ್ಕ ನೀಡಿದ್ದಕ್ಕ ಮೊದಲಿನ ಅಕ್ಕನ್ನ ಕಳಿಸಿದ್ರಲ್ರಿ ಸರ್.”

ಚುಚ್ಚಬೇಕು ಅಂತ ಅಂದದ್ದಲ್ಲ. ಅವಳಿಗೆ ತಿಳಿದಿದ್ದನ್ನು ಹೇಳಿದಳು, ಅಷ್ಟೇ. ಆದರೆ ಆ ಮಾತು ಸಾಹುಕಾರನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ಹೆದರುವುದನ್ನು ಅವಳಿಗೆ ಕಲಿಸಿದ್ದು ಯಾವ ತರಬೇತಿಯೂ ಅಲ್ಲ, ತಾನೇ ಅಂತ ಅವನಿಗೆ ಗೊತ್ತಾಯಿತು. ಎಷ್ಟು ತಡವಾಗಿ ಗೊತ್ತಾಯಿತು ನೋಡಿ.

ಮೊದಲನೆಯವಳನ್ನು ಹುಡುಕಿಕೊಂಡು ಹೊರಟ. ಈ ಸಲ ಒಂದೇ ಕಾರು, ಫೋಟೋದವನಿಲ್ಲ. ಆಕೆ ದೂರದ ಒಂದು ಊರಲ್ಲಿ ಅಂಥದ್ದೇ ಒಂದು ಸಣ್ಣ ಮನೆ ನಡೆಸುತ್ತಿದ್ದಳು. ತಗಡಿನ ಸೂರು, ಮಣ್ಣಿನ ನೆಲ. ಅವನು ಹೋದಾಗ ಮಕ್ಕಳು ಊಟಕ್ಕೆ ಕೂತಿದ್ದವು. ಯಾರೂ ಏಳಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಒಂದು ಸಣ್ಣ ಹುಡುಗಿ ಮಾತ್ರ ಸರಿದು ಜಾಗ ಬಿಟ್ಟಳು. ಅವನು ನೆಲದ ಮೇಲೆ ಕೂತ. ಆಕೆ ಬಂದು ತಾಟಿನಲ್ಲಿ ಜೋಳದ ರೊಟ್ಟಿ ಇಟ್ಟು ಪಲ್ಯ ನೀಡಿದಳು.

ಅವನು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡ.

“ತಪ್ಪಾತವಾ,” ಅಂದ. “ವಾಪಸ್ ಬಾ. ಎಲ್ಲಾ ನಿನ್ನ ಕೈಗೇ ಬಿಡ್ತೀನಿ. ನಾ ಏನೂ ಕೇಳಂಗಿಲ್ಲ.”

ಆಕೆಗೂ ಕಣ್ಣು ತುಂಬಿ ಬಂತು. ಅದು ಆಕೆ ಬೆಳೆದ ಮನೆ ಅಲ್ಲವೇ? ಆಮೇಲೆ ಮೆಲ್ಲಗೆ ಅಂದಳು, “ಯಾರಿಗೆ ನೀಡಾಕ ಬರ್ಲಿ ಸರ್? ಅಲ್ಲಿ ಈಗ ಉಣ್ಣಾಕ ಯಾರದಾರ?”

ಅಷ್ಟೇ ಕಥೆ.

ನಮ್ಮದು ಕಂಪನಿ ಇಲ್ಲ, ಗಿರಣಿ ಇಲ್ಲ, ಈ ಕಥೆ ನಮಗಲ್ಲ ಅಂತ ನಿಮ್ಮಲ್ಲಿ ಕೆಲವರು ಆಗಲೇ ಗೋಡೆಗೆ ಒರಗಿದ್ದೀರಿ. ಒರಗಬೇಡಿ. ಮಗನಿಗೆ ಅಂಗಡಿ ಬಿಟ್ಟುಕೊಟ್ಟೆ ಅಂತ ಹೇಳಿ, ಅವನು ಒಂದು ಬೆಲೆ ಹೇಳಿದ ಕೂಡಲೇ ಒಳಗಿನಿಂದ ಕೂಗುವ ಅಪ್ಪ ಇಲ್ಲಿ ಯಾರೂ ಇಲ್ಲವೇ? ಸೊಸೆಗೆ ಅಡುಗೆಮನೆ ಒಪ್ಪಿಸಿ ಉಪ್ಪಿನ ಡಬ್ಬಿಯನ್ನು ತನ್ನ ಪಕ್ಕದಲ್ಲೇ ಇಟ್ಟುಕೊಂಡ ಅತ್ತೆ? ತರುಣರು ಮುಂದೆ ಬರಬೇಕು ಅಂತ ವರ್ಷಾ ವರ್ಷಾ ಭಾಷಣ ಮಾಡಿ, ಅದೇ ಕುರ್ಚಿಯಲ್ಲಿ ಮುದುಕರಾದ ಸಂಘದ ಅಧ್ಯಕ್ಷರು? ಸೇವಾ ಸಂಸ್ಥೆಗೆ ಹಣ ಕೊಟ್ಟ ಪುಣ್ಯವಂತರೂ ಇಲ್ಲಿದ್ದೀರಿ. ಕೊಡಿ, ಇನ್ನೂ ಕೊಡಿ. ಕಟ್ಟಡಕ್ಕಿಂತ ಮನುಷ್ಯರಿಗೆ ಕೊಡಿ. ಆದರೆ ಅವರು ಕಲಿತು ಬಂದು ಮೊದಲ ಸಲ ನಿಮಗೆ ‘ಇಲ್ಲ’ ಅಂದಾಗ ಕಾರು ಹತ್ತಬೇಡಿ. ನಿಮ್ಮ ದುಡ್ಡು ಸಾರ್ಥಕವಾದದ್ದೇ ಆ ಗಳಿಗೆಯಲ್ಲಿ. ಸಿಟ್ಟು ಬರುತ್ತದೆ, ಬಂದೇ ಬರುತ್ತದೆ. ಬಂದರೂ ಕೂತು ಒಂದು ತುತ್ತು ತಿನ್ನಿ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮನ್ನು ಕೇಳದೆ ಯಾರೂ ಮಾಡಬಾರದು ಅಂತ ನೀವು ಇಟ್ಟುಕೊಂಡದ್ದು ಏನೋ ಇರುತ್ತದೆ. ಅದರಲ್ಲಿ ಒಂದನ್ನು ಬಿಟ್ಟುಕೊಡಿ. ಬಿಟ್ಟ ಮೇಲೆ ತಿರುಗಿ ನೋಡಬೇಡಿ.

ಮನೆಗೆ ಹೋಗುವವರೆಗೂ ಯಾಕೆ? ಈಗಲೇ ಶುರುವಾಗಲಿ. ದಾಸೋಹದ ಅಡುಗೆ ಆಗಿ ಬಹಳ ಹೊತ್ತಾಯಿತು, ಸಾರಿನ ವಾಸನೆ ಇಲ್ಲಿಯವರೆಗೂ ಬರುತ್ತಿದೆ. ಮುಖ್ಯ ಅತಿಥಿಗಳು ಇನ್ನೂ ಬಂದಿಲ್ಲ. ನಮ್ಮ ಹಾಸ್ಟೆಲಿನ ಮಕ್ಕಳು ಆಗಿನಿಂದ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿವೆ. ಈ ವರ್ಷ ದಾಸೋಹದ ಹೊಣೆ ಹೊತ್ತ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಆಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ನಾನು ಯಾವಾಗ ಹೂಂ ಅನ್ನುತ್ತೇನೋ ಅಂತ.

ತಾಯೀ, ನನ್ನ ಕಡೆ ನೋಡಬೇಡ. ಮಕ್ಕಳ ಕಡೆ ನೋಡು. ನಿನಗೆ ಏನು ಮಾಡಬೇಕು ಅನ್ನಿಸುತ್ತದೋ ಅದನ್ನು ಮಾಡು.