ಅವಲಕ್ಕಿ ಎಂದು ಹೇಳಿ ಕೊಟ್ಟ ಗಂಟು

ಸಭೆಯ ಅಧ್ಯಕ್ಷರೇ, ಮೈಸೂರಿನಿಂದ ಈ ಬಿಸಿಲಲ್ಲಿ ಬಂದಿರುವ ಅತಿಥಿಗಳೇ, ನನ್ನಂಥವನಿಗೂ ಪಾಠ ಹೇಳಿದ ಕೃಷ್ಣಕುಮಾರ್ ಮೇಷ್ಟ್ರೇ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಹುಡುಗ ಹುಡುಗಿಯರೇ, ನರಸೀಪುರದ ಸಭಿಕರೇ, ನಮ್ಮ ನಂಜನಗೂಡು ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಿರುವ ಸಭಿಕರೇ, ಬಾಗಿಲ ಹತ್ತಿರ ನಿಂತು ಊಟ ಎಷ್ಟೊತ್ತಿಗೆ ಎಂದು ನೋಡುತ್ತಿರುವವರೇ, ನಿಮ್ಮೆಲ್ಲರಿಗೂ ಈ ಗುರುಮಲ್ಲಪ್ಪನ ಶರಣು.

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅದನ್ನೂ ಮುಗಿಸಲಿಲ್ಲ. ಮೇಷ್ಟ್ರು ಹೊಡೆದರು, ನಾನು ಸ್ಲೇಟು ಎಸೆದು ಮನೆಗೆ ಬಂದೆ. ನನ್ನ ಸಿಟ್ಟು ಇವತ್ತು ಹುಟ್ಟಿದ್ದಲ್ಲ. ಬಾಯಿಗೆ ಬಂದದ್ದು ಆಡಿಬಿಡುತ್ತೇನೆಂಬ ಹೆದರಿಕೆಗೆ ಭಾಷಣ ಬರೆದುಕೊಂಡು ಬಂದಿದ್ದೇನೆ. ಅಕ್ಷರ ದಪ್ಪ, ಅದಕ್ಕೆ ಹಾಳೆ ಜಾಸ್ತಿ. ಗಾಬರಿಯಾಗಬೇಡಿ.

ನಿಮ್ಮ ಕೈಯಲ್ಲಿರುವ ಕಾರ್ಡು ನೋಡಿ. ‘ನಂಜನಗೂಡು ರಸಬಾಳೆಯನ್ನು ಸಾಗರದಾಚೆಗೆ ಒಯ್ದ ಹೆಮ್ಮೆಯ ರೈತ ವಿದ್ಯಾರ್ಥಿಗೆ ಸನ್ಮಾನ’ ಎಂದು ಅರ್ಧ ಸುದ್ದಿ ಕೇಳಿ ಅಚ್ಚು ಹಾಕಿಸಿದ್ದಾರೆ. ಅಧ್ಯಕ್ಷರು ಅದನ್ನೇ ಓದಿ ಶಾಲು ಹೊದಿಸಿದರು. ಒಯ್ದದ್ದು ನಿಜ. ಆದರೆ ಹೇಗೆ ಒಯ್ದೆ? ಯಾರ ಚೀಲದಲ್ಲಿ ಒಯ್ದೆ? ಯಾರ ಬಾಳು ಹಾಳಾಗುವುದಿತ್ತು? ಇದು ಯಾವುದೂ ಕಾರ್ಡಿನಲ್ಲಿಲ್ಲ. ಅದನ್ನು ಹೇಳದೆ ನಾನು ಇಲ್ಲಿಂದ ಕೆಳಗಿಳಿಯುವುದಿಲ್ಲ. ಕೇಳಿದ ಮೇಲೆ ಶಾಲು ವಾಪಸ್ಸು ಬೇಕೆಂದರೆ ಅದು ನಿಮ್ಮ ಮರ್ಯಾದೆಗೆ ಬಿಟ್ಟದ್ದು. ನಾನಾಗಿ ಕೊಡುವುದಿಲ್ಲ.

ಈ ತರಬೇತಿ ಕೇಂದ್ರದವರು ತೋಟಗಾರಿಕೆಯ ಒಂದು ವರ್ಷದ ಕೋರ್ಸಿಗೆ ವಯಸ್ಸಿನ ಮಿತಿ ಇಲ್ಲ, ಕನ್ನಡ ಓದಲು ಬರೆಯಲು ಬಂದರೆ ಸಾಕು ಎಂದಾಗ ನನಗೆ ಅರವತ್ತಮೂರು. ನನ್ನ ಹೆಂಡತಿ ಚನ್ನಾಜಮ್ಮ, “ಮೊಮ್ಮಕ್ಕಳ ವಾರಿಗೇರ ಜೊತೆ ಇಸ್ಕೂಲಿಗೆ ಓಯ್ತೀರಾ? ಕ್ಯಾರಿಯರ್ ಬೇರೆ ಕಟ್ಟಬೇಕಾ?” ಎಂದಳು. ಕಟ್ಟಿದಳು. ಮೊದಲ ದಿನ ಕ್ಲಾಸಿಗೆ ಕಾಲಿಟ್ಟೆ, ಹನ್ನೆರಡು ಜನ ಹುಡುಗರು ಎದ್ದು ನಿಂತು, “ನಮಸ್ತೆ ಸಾ” ಎಂದರು. ನನ್ನನ್ನು ಮೇಷ್ಟ್ರು ಎಂದುಕೊಂಡಿದ್ದರು. ಅಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಕೃಷ್ಣಕುಮಾರ್ ಬರುವವರೆಗೆ ಅರ್ಧ ಗಂಟೆ ಮುಂದಿನ ಕುರ್ಚಿಯಲ್ಲೇ ಗಂಭೀರವಾಗಿ ಕೂತಿದ್ದೆ. ನೀವು ನಗುತ್ತೀರಿ. ನಗಿ. ತಪ್ಪು ತಿಳಿದುಕೊಂಡವರು ತಿಳಿದುಕೊಳ್ಳಲಿ ಎಂದು ಸುಮ್ಮನಿರುವುದು ನನಗೆ ಹಳೆಯ ರೂಢಿ.

ಕೋರ್ಸಿನ ಕೊನೆಯಲ್ಲಿ ಆರು ಜನರನ್ನು ಹದಿನೈದು ದಿನ ಆಸ್ಟ್ರೇಲಿಯದ ಬಾಳೆ ತೋಟ ತೋರಿಸಲು ಕಳಿಸುತ್ತೇವೆ ಎಂದರು. ಜೊತೆಗೆ ಕೃಷ್ಣಕುಮಾರ್ ಮೇಷ್ಟ್ರು. ಆರರಲ್ಲಿ ನಾನೊಬ್ಬ. ಇನ್ನೊಬ್ಬಳು ವನಿತಾ, ಇಲ್ಲೇ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಆಟೋ ಓಡಿಸುವ ಚೆಲುವರಾಜು ಅವರ ಮಗಳು. ಕ್ಲಾಸಿಗೇ ಮೊದಲು. ನಾವು ಹೋಗುವ ದಿನಗಳಲ್ಲೇ ಅಲ್ಲಿಯ ಕೃಷಿ ಕಾಲೇಜಿನಲ್ಲಿ ಅವಳಿಗೆ ಸಂದರ್ಶನ. ಪಾಸಾದರೆ ಎರಡು ವರ್ಷ ಓದು, ಖರ್ಚೆಲ್ಲ ಅವರದೇ. ಆ ಹುಡುಗಿಗೆ ಈ ಪ್ರಯಾಣವೆಂದರೆ ಅದು. ನನಗೆ ವಿಮಾನ ಹತ್ತುವುದೇ ದೊಡ್ಡದಾಗಿತ್ತು.

ಗಿಡ, ಬೀಜ, ಮಣ್ಣು ಯಾವುದನ್ನೂ ಆ ದೇಶಕ್ಕೆ ಒಯ್ಯಬಾರದು ಎಂದು ಕೃಷ್ಣಕುಮಾರ್ ಮೂರು ಸಲ ಹೇಳಿದರು. ಕದ್ದು ಒಯ್ದು ಸಿಕ್ಕಿಬಿದ್ದವರನ್ನು ಅಲ್ಲಿಂದಲೇ ವಾಪಸ್ಸು ಅಟ್ಟುತ್ತಾರೆ, ಮತ್ತೆ ಒಳಗೆ ಬಿಡುವುದಿಲ್ಲ ಎಂದೂ ಹೇಳಿದರು. ಮೂರು ಸಲವೂ ತಲೆಯಾಡಿಸಿದೆ. ಹೊರಡುವ ಹಿಂದಿನ ದಿನ ಬಾವಿಯ ಹಿಂದೆ ಉಳಿದಿದ್ದ ಒಂದೇ ರಸಬಾಳೆಯ ಬುಡದಿಂದ ಒಂದು ಬಾಳೆಕಂದು ಕಿತ್ತೆ. ಎರಡು ಬೊಗಸೆ ಮಣ್ಣನ್ನೂ ಸೇರಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ಮೇಲೆ ಚನ್ನಾಜಮ್ಮನ ಹಳೆಯ ಸೀರೆ ಬಿಗಿದೆ. ಯಾಕೆ? ಸೊರಗು ರೋಗ ನಮ್ಮ ರಸಬಾಳೆಯನ್ನು ಹೇಗೆ ತಿಂದು ಹಾಕಿತು ಎಂದು ನಂಜನಗೂಡಿನವರಿಗೆ ನಾನು ಹೇಳಬೇಕಾಗಿಲ್ಲ. ಎಲೆ ಹಳದಿಯಾಗುತ್ತದೆ, ದಿಂಡು ಸೀಳುತ್ತದೆ, ಗೆಡ್ಡೆ ಕುಯ್ದರೆ ಒಳಗೆ ಕಂದು ಬಣ್ಣದ ಉಂಗುರ. ಒಮ್ಮೆ ಮಣ್ಣಿಗೆ ಸೇರಿದರೆ ನಮ್ಮ ಕಾಲ ಮುಗಿದರೂ ಅದು ಹೋಗುವುದಿಲ್ಲ. ಇಲ್ಲಿ ಬದುಕದಿದ್ದರೆ ಅಲ್ಲಾದರೂ ಬದುಕಲಿ ಎಂದು ನನ್ನ ಲೆಕ್ಕ. ಆ ಎರಡು ಬೊಗಸೆ ಮಣ್ಣಿನಲ್ಲಿ ಏನಿರಬಹುದು ಎಂದು ನಾನು ಯೋಚಿಸಲಿಲ್ಲ. ಸುಳ್ಳು. ಯೋಚಿಸಿದೆ, ಮತ್ತೆ ಗಂಟು ಕಟ್ಟಿದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ಮೂರು ಕೆಜಿ ಹೆಚ್ಚಾಯಿತು. ನನಗೆ ಸಿಟ್ಟು ಬಂತು. “ಈ ನಂಜೇಶ ತೊಂಬತ್ತು ಕೆಜಿ ಅವ್ನೆ, ನಾನು ಐವತ್ತೆರಡು. ಇಬ್ಬರದೂ ಸೇರಿಸಿ ತೂಗವ್ವ ಮೊದ್ಲು,” ಎಂದು ಕೌಂಟರಿನ ಹೆಣ್ಣುಮಗಳ ಜೊತೆ ಜಗಳ ತೆಗೆದೆ. ನಂಜೇಶ ನಮ್ಮ ಕ್ಲಾಸಿನ ಹುಡುಗ, ಅಗೋ ಅಲ್ಲಿ ತಲೆ ತಗ್ಗಿಸಿದ್ದಾನೆ. ಆಗ ವನಿತಾ, “ತಾತ, ನನ್ನ ಬ್ಯಾಗಲ್ಲಿ ಜಾಗ ಅದೆ, ಒಂದು ಗಂಟು ಕೊಡಿ,” ಎಂದಳು. ಚಟ್ನಿಪುಡಿ ಕೊಡಬಹುದಿತ್ತು, ಹುರಿಗಾಳು ಕೊಡಬಹುದಿತ್ತು. ನನ್ನ ಕೈ ಸೀರೆಯ ಗಂಟಿಗೇ ಹೋಯಿತು.

“ಏನ್ ತಾತ ಇದು, ಇಷ್ಟು ಭಾರ?”

“ಅವಲಕ್ಕಿ.”

“ತೇವ ಆಗ್ಬುಟ್ಟದಲ್ಲಾ?”

“ನಿಮ್ಮಜ್ಜಿ ನೆನೆಸೇ ಕಟ್ಟವ್ಳೆ. ಸುಮ್ಕೆ ಮಡಿಕೊ.”

ಮಡಗಿಕೊಂಡಳು. ಹಿರಿಯರು ಹೇಳಿದರೆ ನಂಬುವ ಮಗು ಅದು.

ತಪಾಸಣೆಯವನು ನನ್ನ ಕೊರಳಿನ ಬೆಳ್ಳಿ ಕರಡಿಗೆ ತೆಗೆದು ತಟ್ಟೆಯಲ್ಲಿಡು ಎಂದ. ಲಿಂಗವನ್ನು ಮೈಯಿಂದ ತೆಗೆಯುವುದಿಲ್ಲ, ಬೇಕಾದರೆ ಇಲ್ಲಿಂದಲೇ ಮನೆಗೆ ಹೋಗುತ್ತೇನೆ ಎಂದೆ. ಪುಣ್ಯಾತ್ಮ, ಕೈಯಲ್ಲಿದ್ದ ಯಂತ್ರವನ್ನು ಎದೆಯ ಮೇಲೆ ಆಡಿಸಿ, ಕೈ ಮುಗಿದು ಬಿಟ್ಟ. ನೇಮ ನಿಷ್ಠೆಯಲ್ಲಿ ನಾನು ಅಷ್ಟು ಗಟ್ಟಿ. ಸುಳ್ಳು ಹೇಳಿದ ಬಾಯಿ ಇನ್ನೂ ಒಣಗಿರಲಿಲ್ಲ, ಅದು ಬೇರೆ ವಿಷಯ.

ವಿಮಾನ ಮೇಲೇಳತೊಡಗಿತು. ಪಕ್ಕದಲ್ಲಿ ನಂಜೇಶ. “ತಾತ, ಭಯ ಆಯ್ತಾದಾ?” ಎಂದ.

“ನಂಗೇನ್ಲಾ ಭಯ? ನೀನು ಮೊದ್ಲು ಕೈ ಬುಡು.”

“ನೀವೇ ಇಡ್ಕೊಂಡಿರೋದು ತಾತ. ರಕ್ತ ಓಡ್ತಿಲ್ಲ ನಂಗೆ.”

ಸಿಂಗಪುರದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಿದೆವು. ಅದರಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಅದು ಇಂಗ್ಲಿಷಿನಲ್ಲಿತ್ತು, ವನಿತಾ ಓದಿ ಹೇಳಿ ನನ್ನದನ್ನೂ ತುಂಬಿದಳು. “ಗಿಡ, ಬೀಜ, ಮಣ್ಣು ಏನಾರ ಅದಾ ತಾತ?” ಎಂದಳು. “ಇಲ್ಲ, ಬರಿ” ಎಂದೆ. ನನ್ನ ಚೀಟಿಯಲ್ಲಿ ಇಲ್ಲ ಎಂದು ಗೆರೆ ಎಳೆದಳು, ತನ್ನ ಚೀಟಿಯಲ್ಲೂ ಎಳೆದು ಸಹಿ ಹಾಕಿದಳು. ಆಮೇಲೆ ನನ್ನ ಭುಜಕ್ಕೆ ತಲೆ ಕೊಟ್ಟು ಆರು ಗಂಟೆ ನಿದ್ದೆ ಮಾಡಿದಳು. ಭುಜ ಅಲ್ಲಾಡಿಸದೆ ಕೂತೆ. ನನ್ನಿಂದ ಆದದ್ದು ಅಷ್ಟೇ.

ಬ್ರಿಸ್ಬೇನಿನಲ್ಲಿ ಬೆಳಗ್ಗೆ ಇಳಿದು ಪೆಟ್ಟಿಗೆ ತೆಗೆದುಕೊಂಡು ಸಾಲಿನಲ್ಲಿ ನಿಂತೆವು. ನಮ್ಮ ಮುಂದೆ ಆ ದೇಶದವನೇ ಒಬ್ಬ ಮುದುಕ, ನನ್ನ ವಯಸ್ಸಿನವನು. ಅವನ ಬೂಟಿನ ತಳದಲ್ಲಿ ಒಂದಿಷ್ಟು ಒಣಮಣ್ಣು. ಒಬ್ಬ ಅಧಿಕಾರಿಣಿ ಅದನ್ನು ಕಾಗದದ ಮೇಲೆ ಕೆರೆದು ಕೆರೆದು ತೆಗೆಯುತ್ತಿದ್ದಳು. ಆ ಮುದುಕ ಬರಿಗಾಲಲ್ಲಿ, ಒಂದು ಮಾತಾಡದೆ, ಕೈಕಟ್ಟಿ ನಿಂತಿದ್ದ. ನಾನಾಗಿದ್ದರೆ ಜಗಳವಾಡುತ್ತಿದ್ದೆ. ಹೆಬ್ಬೆರಳಿನಷ್ಟು ಮಣ್ಣಿಗೆ ಇವರು ಇಷ್ಟು ಹೆದರುತ್ತಾರಲ್ಲ ಎಂದುಕೊಂಡೆ. ಆಗ ನನ್ನ ಪಕ್ಕದ ಹೊಲದ ಚಾಮಯ್ಯನ ಮುಖ ಎದುರಿಗೆ ಬಂತು.

ಹನ್ನೊಂದು ವರ್ಷದ ಹಿಂದೆ ಚಾಮಯ್ಯ ಹೊಸ ತೋಟ ಕಟ್ಟುತ್ತೇನೆಂದು ನನ್ನ ಹತ್ತಿರ ಕಂದು ಕೇಳಿದ. ಅರವತ್ತು ಕಂದು ಕಿತ್ತು ಕೊಟ್ಟೆ. ಕೀಳುವಾಗ ಒಂದು ಗೆಡ್ಡೆಗೆ ಸನಿಕೆ ತಾಗಿ ಸೀಳಿತು. ಒಳಗೆ ಉಂಗುರ ಇತ್ತು. ಕಂಡಿತು. ನೀರು ಕಡಿಮೆಯಾಗಿ ಹೀಗಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ವರ್ಷದಲ್ಲಿ ಅವನ ತೋಟವೂ ಹೋಯಿತು, ನನ್ನದೂ ಹೋಯಿತು. ಸಭಿಕರೇ, ಇಷ್ಟಕ್ಕೇ ನಿಂತಿದ್ದರೆ ಬರೀ ತಪ್ಪು ಅನ್ನಬಹುದಿತ್ತು. ನಮ್ಮ ಚಿಕ್ಕಯ್ಯನಛತ್ರ ಹೋಬಳಿಯ ಕಡೆ ಯಾರೇ ಹೊಸ ತೋಟ ಹಾಕಲಿ, ಮೊದಲ ಗುಣಿಗೆ ಕಂದು ಇಡಲು ಕೈಗುಣ ಇರುವವರನ್ನು ಕರೆಯುತ್ತಾರೆ. ಸುತ್ತ ಹತ್ತು ಊರಿಗೆ ಚಾಮಯ್ಯನನ್ನೇ ಕರೆಯುತ್ತಿದ್ದರು. ಅವನ ತೋಟ ಹೋದಾಗ ಹೋಟ್ಲು ಜಗಲಿಯಲ್ಲಿ ಯಾರೋ ಯಾಕೆ ಹೀಗಾಯಿತು ಎಂದರು. ನಾನು, “ಚಾಮಯ್ಯನ ಕೈಗುಣ ಕೆಟ್ಟೋಯ್ತು ಕಣ್ರಪ್ಪಾ,” ಎಂದೆ. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ.

ಈಗ ಸಾಲಿನಲ್ಲಿ ಇನ್ನೊಬ್ಬರ ಚೀಲದಲ್ಲಿ ನನ್ನ ಕಂದು. ಸಿಕ್ಕಿಬಿದ್ದರೆ ಹೋಗುವುದು ಆ ಹುಡುಗಿಯ ಸಂದರ್ಶನ. ನಾನು ಆಗಲೂ ಪಕ್ಕದಲ್ಲಿ ನಿಂತು, ಅಯ್ಯೋ ಪಾಪ ಎನ್ನಬೇಕೇ?

“ವನಿತಾ, ಆ ಗಂಟಲ್ಲಿರೋದು ಅವಲಕ್ಕಿ ಅಲ್ಲ ಕಣವ್ವ. ಬಾಳೆಕಂದು. ಮಣ್ಣೂ ಅದೆ,” ಎಂದೆ.

ಅವಳ ಮುಖ ಬಿಳುಚಿಕೊಂಡಿತು. “ತಾತ, ನಾನು ಇಲ್ಲ ಅಂತ ಸೈನ್ ಮಾಡ್ಬುಟ್ಟಿವ್ನಿ,” ಎಂದಳು. ಬೈಯಲಿಲ್ಲ. ಅಷ್ಟೇ ಹೇಳಿದಳು.

ಹಿಂದೆಯೇ ನಿಂತು ಇದನ್ನು ಕೇಳಿಸಿಕೊಂಡ ಕೃಷ್ಣಕುಮಾರ್ ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ಸರದಿ ಬರುವ ಮೊದಲೇ ನಾನೇ ಗಂಟು ತೆಗೆದು, ಮೇಜಿನ ಮೇಲಿಟ್ಟು, ನನ್ನದು, ಈ ಮಗುವಿಗೆ ಗೊತ್ತಿಲ್ಲ, ನನ್ನನ್ನು ವಾಪಸ್ಸು ಕಳಿಸಿ ಎಂದೆ. ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳಿದರು. ವನಿತಾಳನ್ನು ಗಾಜಿನ ಕೋಣೆಗೆ ಬೇರೆಯಾಗಿ ಕರೆದುಕೊಂಡು ಹೋದರು. ಅಧಿಕಾರಿಣಿ ನನ್ನ ಮುಂದೆ ಒಂದು ಫಾರಂ ಇಟ್ಟುಕೊಂಡು ಕೂತಳು. ಮೊದಲ ಪ್ರಶ್ನೆ, ನಿಮ್ಮ ತೋಟಕ್ಕೆ ಸೊರಗು ರೋಗ ಬಂದಿತ್ತೇ? ಬಂದಿತ್ತು ಎಂದೆ. ಎರಡನೆಯದು, ಆ ತೋಟದಿಂದ ಬೇರೆ ಯಾರಿಗಾದರೂ ಕಂದು ಕೊಟ್ಟಿದ್ದೀರಾ?

ಆಕೆ ಕೇಳಿದ್ದು ಫಾರಮ್ಮಿನಲ್ಲಿದೆ ಎಂದು. ಆಕೆಗೆ ಚಾಮಯ್ಯ ಯಾರೆಂದು ಗೊತ್ತೇ? ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. “ಕೊಟ್ಟಿದ್ದೇನೆ. ಗೊತ್ತಿದ್ದೂ ಕೊಟ್ಟಿದ್ದೇನೆ,” ಎಂದೆ. ಕೃಷ್ಣಕುಮಾರ್ ಅದನ್ನು ಇಂಗ್ಲಿಷಿಗೆ ತಿರುಗಿಸಿದರು, ಆಕೆ ಬರೆದುಕೊಂಡಳು.

ಗಾಜಿನ ಬಾಗಿಲು ತೆರೆಯಿತು. ವನಿತಾ ಹೊರಗೆ ಬಂದಳು. ತಪಾಸಣೆಗೆ ಮೊದಲೇ ನಾವಾಗಿ ಹೇಳಿದ್ದರಿಂದ ಅವಳ ಚೀಟಿ ತಿದ್ದಿಸಿ, ಮತ್ತೆ ಸಹಿ ಹಾಕಿಸಿಕೊಂಡು, ದಂಡವಿಲ್ಲ, ಕಪ್ಪುಚುಕ್ಕೆ ಇಲ್ಲ, ಹೋಗಿ ಎಂದರಂತೆ. ನನಗೆ ಎಚ್ಚರಿಕೆಯ ಒಂದು ಕಾಗದ. ಕಂದನ್ನು ಮಣ್ಣಿನ ಸಮೇತ ಸುಡಲು ಒಯ್ದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳಲಿಲ್ಲ. ತಾತ ಅತ್ತರು ಎಂದು ನಂಜೇಶ ಹೇಳುತ್ತಾನೆ, ನಂಬಬೇಡಿ.

ವನಿತಾ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ತಿಂಡಿಗೆ ಕೂತಾಗ ತಟ್ಟೆ ಮುಂದೆ ತಳ್ಳಿ, “ತಾತ, ಅವಲಕ್ಕಿ ಬೇಕಾ?” ಎಂದಳು. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಅಲ್ಲಿ ಎಲ್ಲೇ ಬಾಳೆಕಂದು ಕಾಣಲಿ, ಅದಕ್ಕೆ ಅವಲಕ್ಕಿ ಎಂದೇ ಹೆಸರಾಯಿತು. ಸಂದರ್ಶನ ಪಾಸಾಗಿದ್ದಾಳೆ, ಬರುವ ತಿಂಗಳು ಹೊರಡುತ್ತಾಳೆ. ಚಪ್ಪಾಳೆ ಅವಳಿಗೆ ಹೊಡೆಯಿರಿ.

ಊರಿಗೆ ಬಂದವನು ಮನೆಗೂ ಮೊದಲು ಚಾಮಯ್ಯನ ಮನೆಗೆ ಹೋದೆ. ನಿಂತುಕೊಂಡೇ ಹೇಳಿದೆ. ಅವನು ಎಲೆಅಡಿಕೆ ಹಾಕಿಕೊಳ್ಳುತ್ತಾ ಕೇಳಿದ.

“ನಂಗೆ ಆವತ್ತೇ ಗೊತ್ತಿತ್ತು ಕಣ್ಲಾ ಗುರುಮಲ್ಲ. ಕಂದು ಕೊಡೋವಾಗ ನೀನು ನನ್ನ ಮೊಕ ನೋಡ್ನಿಲ್ಲ.”

“ಮತ್ತೆ ಯಾಕ್ಲಾ ಕೇಳ್ನಿಲ್ಲ?”

“ನೀನೇ ಯೋಳ್ತೀಯ ಅಂತ ಕಾದೆ. ತೋಟ ಓಯ್ತು, ಓಗ್ಲಿ. ಕೈಗುಣ ಕೆಟ್ಟೋಯ್ತು ಅಂದ್ಯಲ್ಲಾ, ಅದುನ್ನ ಯಾವ ಒಳೇಲಿ ತೊಳ್ಕೊಳ್ಳಲಿ ನಾನು? ನಂಗೊಬ್ಬಂಗೆ ಯೋಳಿದ್ರೆ ಆಯ್ತದಾ? ಓಟ್ಲಲ್ಲಿ ಹತ್ತು ಜನದ ಮುಂದೆ ಅಂದಿದ್ದೆ ನೀನು.”

ನೂರು ಜನದ ಮುಂದೆ ಹೇಳುತ್ತೇನೆ, ಬಾ ಎಂದೆ. ಬಂದಿದ್ದಾನೆ. ಐದನೇ ಸಾಲಿನಲ್ಲಿ, ಹಸಿರು ಟವೆಲ್ಲು.

ಆದ್ದರಿಂದ ಸಭಿಕರೇ, ನಾನು ಆ ದೇಶದ ಬಾಗಿಲು ದಾಟಿಸಿ ಒಳಗೆ ಏನನ್ನೂ ಒಯ್ಯಲಿಲ್ಲ. ಅಲ್ಲಿ ಸುಟ್ಟದ್ದು ಒಳ್ಳೆಯದಾಯಿತು. ಚಾಮಯ್ಯನ ಕೈಗುಣ ಆಗಲೂ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ಕೆಟ್ಟಿದ್ದು ನನ್ನ ಕಂದು, ಮತ್ತು ನನ್ನ ಬಾಯಿ. ಇದನ್ನು ಹೇಳಿದ ಮೇಲೆ ಎದೆ ಎಷ್ಟು ಹಗುರವಾಗಿದೆಯೆಂದರೆ, ಮೊದಲೇ ಯಾಕೆ ಹೇಳಲಿಲ್ಲವೆಂದು ನನ್ನ ಮೇಲೇ ಸಿಟ್ಟು ಬರುತ್ತಿದೆ.

ಈ ಕಟ್ಟಡದ ಹಿಂದೆ ಹೊಸ ಜಾಗದಲ್ಲಿ ಪ್ರಯೋಗಶಾಲೆಯಲ್ಲಿ ಬೆಳೆಸಿದ, ರೋಗವಿಲ್ಲದ ರಸಬಾಳೆ ಸಸಿಗಳನ್ನು ಈಗ ನೆಡುತ್ತಾರೆ. ಮೊದಲ ಗುಣಿಗೆ ನಾನೇ ಸಸಿ ಇಡಬೇಕೆಂದು ಅಧ್ಯಕ್ಷರ ಆಸೆ. ಕ್ಷಮಿಸಿ, ನಾನು ಇಡುವುದಿಲ್ಲ. ಗುಣಿ ನಾನು ತೋಡುತ್ತೇನೆ, ನೀರು ನಾನು ಹೊರುತ್ತೇನೆ.

ಕರೆದವರಿಗೆ, ಕಲಿಸಿದವರಿಗೆ, ಬೇಸರವಿಲ್ಲದೆ ಕೇಳಿದವರಿಗೆ ನಾನು ಋಣಿ. ಕೊನೆಯ ಒಂದು ಮಾತು ಹಾಳೆಯಲ್ಲಿ ಬರೆದಿಲ್ಲ.

ಚಾಮಯ್ಯ, ಏಳು. ಎಲ್ಲರೂ ನಿನಗಾಗಿ ಕಾಯುತ್ತಿದ್ದಾರೆ. ಮೊದಲ ಸಸಿ ಇಡು ಬಾ.

ನಮಸ್ಕಾರ.